ಕಣ್ಣಿಗೊತ್ತಿಕೊಂಡ ಸಂಬಳ

ನನಗೆ ಅಷ್ಟು ಸುಲಭವಾಗಿ ಅಸಹ್ಯ ಆಗುವುದಿಲ್ಲ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಗೆ ಸೊಸೆಯಾಗಿ ಬಂದವಳು ನಾನು. ಗೂಡು ಬೇಯಿಸಿದ ನೀರು, ಸತ್ತ ಹುಳದ ರಾಶಿ, ಮಳೆಗಾಲದಲ್ಲಿ ಅದರಿಂದ ಏಳುವ ಗಬ್ಬು, ಇದೆಲ್ಲ ನಮ್ಮ ಹಿತ್ತಲಲ್ಲೇ ಇದೆ. ನೆಂಟರು ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ಮಾತಾಡಿಸಿ ಹೊರಟುಬಿಡುತ್ತಾರೆ. ನಾನು ಅಲ್ಲೇ ಕೂತು ಮುದ್ದೆ ನುಂಗುತ್ತೇನೆ. ಇಂಥ ನನಗೆ ಹೇಸಿಗೆ ಹುಟ್ಟಿಸಿದ್ದು ನನ್ನ ತಮ್ಮ ನಾಗರಾಜು ಸಮುದ್ರದ ಮೇಲೆ ದುಡಿದು ತಂದ ದುಡ್ಡು.

ನಾಗರಾಜು ದೊಡ್ಡಮಳೂರಿನಲ್ಲಿ ಹುಟ್ಟಿ ಬೆಳೆದವನು. ಓದು ತಲೆಗೆ ಹತ್ತಲಿಲ್ಲ. ಮೀಸೆ ಚಿಗುರುವ ಮುಂಚೆಯೇ ಬಿಡದಿಯ ತಟ್ಟೆ ಇಡ್ಲಿ ಹೋಟೆಲೊಂದಕ್ಕೆ ಸೇರಿದ. ಮೊದಲು ತಟ್ಟೆ ತೊಳೆದ, ಆಮೇಲೆ ಹಿಟ್ಟು ರುಬ್ಬಿದ, ಕೊನೆಗೆ ಒಲೆಯ ಮುಂದೆ ನಿಂತ. ಅವನ ಕೈಯಲ್ಲಿ ಇಡ್ಲಿ ಹೂವಾಗುತ್ತಿತ್ತು, ಅದನ್ನು ನಾನು ಅಕ್ಕ ಅಂತ ಹೇಳುತ್ತಿಲ್ಲ. ಬೆಂಗಳೂರಿಂದ ಮೈಸೂರಿಗೆ ಹೋಗುವ ಕಾರುಗಳು ಅಲ್ಲಿ ನಿಲ್ಲುತ್ತಿದ್ದವು. ಆದರೆ ಹೊಗಳಿದವರಿಗೆಲ್ಲ ಹಲ್ಲು ಕಿರಿದು ಕೈಮುಗಿಯುವುದೊಂದು ಬಿಟ್ಟರೆ ಅವನಿಗೆ ಬೇರೇನೂ ಬರುತ್ತಿರಲಿಲ್ಲ. ದೊಡ್ಡವರ ಮುಂದೆ ಅವನ ಬೆನ್ನುಮೂಳೆ ತಾನಾಗಿಯೇ ಬಗ್ಗುತ್ತಿತ್ತು. ನಮ್ಮಪ್ಪನ ಬುದ್ಧಿ ಅದು, ಇವನಿಗೆ ಇಡಿಯಾಗಿ ಇಳಿದು ಬಂದಿತ್ತು.

ಆಗ ಬಿಡದಿಯ ಸುತ್ತ ವಾರಕ್ಕೊಂದು ಕಾಂಪೌಂಡು ಏಳುತ್ತಿದ್ದ ಕಾಲ. ರಾಗಿ ಹೊಲ ಇದ್ದಲ್ಲಿ ಫ್ಯಾಕ್ಟರಿ, ಫ್ಯಾಕ್ಟರಿಯ ಮುಂದೆ ಚಹಾ ಅಂಗಡಿ, ಅಂಗಡಿಯ ಮುಂದೆ ಲಾರಿಗಳು. ನಾಗರಾಜುಗೂ ಆಸೆ ಹುಟ್ಟಿತು. ಕೆಂಗಲ್ ಹತ್ತಿರ ಹೆದ್ದಾರಿ ಪಕ್ಕದಲ್ಲಿ ಮಕ್ಬೂಲ್ ಅನ್ನುವವರದು ಒಂದು ಮಳಿಗೆ ಇತ್ತು. ನಮ್ಮ ಮನೆಗೆ ಗೂಡು ತಂದು ಹಾಕುತ್ತಿದ್ದ ಮನುಷ್ಯ, ನನಗೆ ಗೊತ್ತಿದ್ದವರೇ. ಒಂದು ಲಕ್ಷಕ್ಕೆ ಭೋಗ್ಯಕ್ಕೆ ಕೊಡುತ್ತೇನೆ ಅಂದರು. ಅಂದರೆ ಲಕ್ಷ ಅವರ ಕೈಗಿಟ್ಟರೆ ಬಾಡಿಗೆಯಿಲ್ಲದೆ ಐದು ವರ್ಷ ಹೋಟೆಲು ನಡೆಸಬಹುದು, ಬಿಡುವಾಗ ಲಕ್ಷ ವಾಪಸ್ಸು. ಅಂಥ ಜಾಗ ಎರಡನೇ ಸಲ ಸಿಕ್ಕುವುದಿಲ್ಲ. ಆದರೆ ನಾಗರಾಜು ಲಕ್ಷ ಎಲ್ಲಿಂದ ತಂದಾನು?

ಆ ಲಕ್ಷಕ್ಕೆ ದಾರಿ ತೋರಿಸಿದವನು ಹೋಟೆಲಿನ ಗಿರಾಕಿಯೊಬ್ಬ, ಆಮೇಲೆ ಇವನಿಗೆ ಧಣಿಯಾದವನು. ಹೆಸರು ಬೇಡ, ಬರೆಯಲು ಮನಸ್ಸಿಲ್ಲ. ಬಿಡದಿಯಲ್ಲಿ ಪ್ಲಾಸ್ಟಿಕ್ ಸಾಮಾನಿನ ಫ್ಯಾಕ್ಟರಿ ಹಾಕಿದ್ದ. ಭಾನುವಾರ ಭಾನುವಾರ ಕಾರು ನಿಲ್ಲಿಸಿ ನಾಗರಾಜು ಕೈಯ ಇಡ್ಲಿ ತಿನ್ನುತ್ತಿದ್ದ. ಬೇಸಿಗೆಯಲ್ಲಿ ಹೊರದೇಶದಲ್ಲಿ ದೋಣಿಯೊಂದನ್ನು ಬಾಡಿಗೆಗೆ ಹಿಡಿದು ಹೆಂಡತಿ, ಸ್ನೇಹಿತರ ಜೊತೆ ಊರೂರು ಸುತ್ತುವುದು ಅವನ ಖಯಾಲಿ. ದೋಣಿ ಅಂದರೆ ಕಾವೇರಿಯ ಹರಿಗೋಲಲ್ಲ, ಮಲಗುವ ಕೋಣೆ, ಅಡುಗೆ ಮನೆ, ಫ್ರಿಜ್ಜು ಎಲ್ಲ ಇರುವ ಯಾಟು. ಅಲ್ಲಿ ಬೆಳಿಗ್ಗೆ ಇಡ್ಲಿ ಸಿಕ್ಕುವುದಿಲ್ಲವಂತೆ, ಪಾಪ. "ಐದು ತಿಂಗಳು ಬಾ, ತಿಂಗಳಿಗೆ ಇಪ್ಪತ್ತು ಸಾವಿರ ಕೊಡ್ತೀನಿ" ಅಂದ. ಇಪ್ಪತ್ತೈದು ಸಲ ಕೈಮುಗಿದಿರಬೇಕು ನಮ್ಮವನು. ಒಂದು ತಿಂಗಳ ಸಂಬಳ ಮುಂಗಡ ತಂದು ಮಕ್ಬೂಲರ ಕೈಗಿಟ್ಟ. ಉಳಿದ ಎಂಬತ್ತು ಸಾವಿರಕ್ಕೆ ದೀಪಾವಳಿ ಗಡುವು. ಎರಡು ಸಾವಿರದ ಐದನೇ ಇಸವಿಯ ಬೇಸಿಗೆಯಲ್ಲಿ, ಅಲ್ಲಿಯವರೆಗೆ ಸಮುದ್ರವನ್ನೇ ನೋಡದ ನನ್ನ ತಮ್ಮ ಇಡ್ಲಿ ತಟ್ಟೆಗಳನ್ನು ಗೋಣಿಯಲ್ಲಿ ಕಟ್ಟಿಕೊಂಡು ವಿಮಾನ ಹತ್ತಿದ.

ಆ ದೋಣಿಯಲ್ಲಿ ದುಡ್ಡಿನ ವ್ಯವಹಾರ ಹೇಗಿತ್ತು ಅಂತ ಅವನು ಆಮೇಲೆ ನನಗೆ ಬಿಡಿಸಿ ಹೇಳಿದ. ಒಂದು ದೇಶದಿಂದ ಹೊರಟರೆ ಎರಡು ದಿನಕ್ಕೆ ಇನ್ನೊಂದು ದೇಶ. ದೇಶ ಬದಲಾದರೆ ದುಡ್ಡೂ ಬದಲು. ದೊಡ್ಡ ಬಂದರಿನಲ್ಲಿ ಕಾರ್ಡು ಉಜ್ಜಿದರೆ ಆಗುತ್ತಿತ್ತು. ಸಣ್ಣ ಊರುಗಳಲ್ಲಿ ದೋಣಿ ಕಟ್ಟಿಹಾಕುವ ಬಾಡಿಗೆ, ಕುಡಿಯುವ ನೀರು, ಕರೆಂಟು, ಡೀಸೆಲ್ಲು, ಮೀನು, ತರಕಾರಿ, ಎಲ್ಲಕ್ಕೂ ಆ ದೇಶದ ನೋಟೇ ಎಣಿಸಬೇಕು. ಧಣಿಯ ಕೋಣೆಯಲ್ಲಿ ಕಬ್ಬಿಣದ ಪೆಟ್ಟಿಗೆ, ಅದರಲ್ಲಿ ದೇಶಕ್ಕೊಂದು ಕವರು. ಡಾಲರು, ಯೂರೋ ನೋಟುಗಳು ಅಡಿಯಲ್ಲಿ, ಅವು ಎಲ್ಲಿಯಾದರೂ ನಡೆಯುತ್ತವಲ್ಲ, ಅವನ್ನು ಮುಟ್ಟುವಂತಿಲ್ಲ. ಬಂದರಿನ ಕಟ್ಟೆಯಲ್ಲಿ ನಿಂತು ದುಡ್ಡು ಸಾಲದೆ ಹೋದರೆ ಮರ್ಯಾದೆ ಹೋಗುತ್ತದೆ ಅಂತ ಧಣಿ ಪ್ರತಿ ದೇಶದಲ್ಲೂ ಬೇಕಾದ್ದಕ್ಕಿಂತ ಒಂದಿಷ್ಟು ಜಾಸ್ತಿಯೇ ಬದಲಾಯಿಸುತ್ತಿದ್ದ. ಹೊರಡುವ ಸಂಜೆ ಅದು ಮಿಕ್ಕುತ್ತಿತ್ತು. ಮಿಕ್ಕ ದುಡ್ಡು ಮುಂದಿನ ದೇಶದಲ್ಲಿ ಕಡ್ಲೆಪುರಿಗೂ ಬರುವುದಿಲ್ಲ. ತಿರುಗಿ ಬದಲಾಯಿಸಲು ಹೋದರೆ ಅಂಗಡಿಯವನು ಕಮಿಷನ್ ಹಿಡಿಯುತ್ತಾನೆ. ಆ ಕಮಿಷನ್ನು ಕೊಡಲು ಈ ಮಹಾರಾಯನಿಗೆ ಸಂಕಟ.

ಹಾಗಾಗಿ ಪ್ರತಿ ದೇಶ ಬಿಡುವ ಸಂಜೆ ನಾಗರಾಜುವನ್ನು ಮೇಲಕ್ಕೆ ಕರೆಯುವುದು, ಮಿಕ್ಕ ನೋಟು, ಚಿಲ್ಲರೆ ಎಲ್ಲ ಸೇರಿಸಿ ಅವನ ಕೈಗೆ ಸುರಿಯುವುದು. "ತಗೋ ನಾಗರಾಜ್, ಇಟ್ಕೋ" ಅನ್ನುವುದು. ಇವನು ಎರಡೂ ಕೈ ಚಾಚಿ ತಗೊಂಡು, ಕಣ್ಣಿಗೊತ್ತಿಕೊಂಡು, ಎಣಿಸದೆ ಮಡಿಚಿ ಇಟ್ಟುಕೊಳ್ಳುವುದು.

ಇಲ್ಲೇ ನೋಡಿ ಅವನು ಕೆಟ್ಟದ್ದು. ನಮ್ಮ ಕಡೆ ವ್ಯಾಪಾರದ ದುಡ್ಡನ್ನು ಎದುರಿಗೇ ಎಣಿಸಿಕೊಳ್ಳುತ್ತೇವೆ, ಗೂಡಿನ ಮಾರ್ಕೆಟ್ಟಿನಲ್ಲಿ ಎಣಿಸದೆ ಎದ್ದರೆ ಕೊಟ್ಟವನೇ ಬೈಯುತ್ತಾನೆ. ಆದರೆ ಮದುವೆಯಲ್ಲಿ ಮುಯ್ಯಿ ಮಾಡಿದರೆ, ಹಿರಿಯರು ಖುಷಿಯಿಂದ ಕೈಗೆ ಹಾಕಿದರೆ, ಅದನ್ನು ಅವರ ಎದುರು ಎಣಿಸುವಂತಿಲ್ಲ. ಎಣಿಸಿದರೆ ಅವರ ಮುಖಕ್ಕೆ ಉಗಿದಂತೆ. ನಾಗರಾಜು ಇದನ್ನು ಖುಷಿಯ ದುಡ್ಡು ಅಂದುಕೊಂಡ. ಸಂಬಳ ಊರಿಗೆ ಹೋದ ಮೇಲೆ ಒಟ್ಟಿಗೆ ಬರುತ್ತದೆ, ಇದು ಬಕ್ಷೀಸು ಅಂದುಕೊಂಡ. ನಮ್ಮಂಥ ಮನೆಯಲ್ಲಿ ಬೆಳೆದ ಹುಡುಗ ಹಾಗೇ ತಾನೆ ಅಂದುಕೊಳ್ಳುವುದು? ಸಂಬಳ ಅಂತ ಬಾಯಿಬಿಟ್ಟು ಹೇಳಿದ್ದರೆ ಅವನೂ ಕೂತು ಎಣಿಸುತ್ತಿದ್ದ, ಇದೆಷ್ಟು ಬಾಳುತ್ತದೆ ಅಂತ ಕೇಳುತ್ತಿದ್ದ. ಧಣಿ ಹೇಳಲಿಲ್ಲ.

ಮೊದಲ ಸಲ ಟರ್ಕಿ ಬಿಡುವಾಗ ಕೈಗೆ ಬಂದದ್ದರಲ್ಲಿ ಒಂದು ನೋಟು ಎರಡು ಕೋಟಿಯದಂತೆ. ಒಂದೇ ನೋಟು, ಎರಡರ ಮುಂದೆ ಏಳು ಸೊನ್ನೆ! ಅದೇ ವರ್ಷ ಆ ದೇಶದವರು ಸೊನ್ನೆಗಳನ್ನು ಕತ್ತರಿಸಿ ಹೊಸ ನೋಟು ತಂದಿದ್ದರು. ಹೊಸದನ್ನು ಧಣಿ ಪೆಟ್ಟಿಗೆಯಲ್ಲಿಟ್ಟುಕೊಂಡು, ವರ್ಷ ಮುಗಿದರೆ ಸಾಯುವ ಹಳೆಯದನ್ನು ಇವನಿಗೆ ದಾಟಿಸಿದ್ದ. ಇವನಿಗೇನು ಗೊತ್ತು? ಫೋನಿನಲ್ಲಿ ಹೆಂಡತಿ ಬೋರಮ್ಮನಿಗೆ, "ಬೋರಿ, ಧಣಿ ಖುಷಿಯಾಗಿ ಎಲ್ಡು ಕೋಟಿ ಕೊಟ್ಟವ್ರೆ" ಅಂದನಂತೆ. ಬೋರಮ್ಮ ಫೋನು ಇಟ್ಟ ಮೇಲೆ ಅರ್ಧ ಗಂಟೆ ಕೂತಲ್ಲೇ ಕೂತಿದ್ದಳಂತೆ. ಮರುದಿನ ದೊಡ್ಡಮಳೂರಿನ ಬಾವಿಕಟ್ಟೆಯಿಂದ ಹಿಡಿದು ದೇವಸ್ಥಾನದ ಜಗಲಿಯವರೆಗೂ ಅದೇ ಮಾತು. ಆ ಎರಡು ಕೋಟಿಗೆ ಆರೇಳು ನೂರು ರೂಪಾಯಿ ಬರುತ್ತಿತ್ತು ಅಂತ ನಮಗೆ ತಿಳಿದದ್ದು ಎಷ್ಟೋ ಆಮೇಲೆ.

ಅಕ್ಟೋಬರಿನಲ್ಲಿ ವಾಪಸ್ಸು ಬಂದ. ಕಪ್ಪಗಾಗಿದ್ದ, ಇಳಿದುಹೋಗಿದ್ದ. ಐದು ತಿಂಗಳೂ ವಾಂತಿಯಂತೆ. ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಹಿಟ್ಟಿನ ಸೌಟು. ಅವರು ಕುಡಿದು ಕಕ್ಕಿದ್ದನ್ನೂ ಇವನೇ ತೊಳೆಯಬೇಕು, ಅದನ್ನು ತೊಳೆದ ಕೈಯಲ್ಲೇ ಚಟ್ನಿ. ಇದನ್ನೆಲ್ಲ ಅವನು ನಗುತ್ತ ಹೇಳಿದ, ನನಗೆ ನಗು ಬರಲಿಲ್ಲ. ಬಂದ ಮೇಲೆ ಒಂದು ವಾರ ಸಂಬಳದ ಮಾತೇ ಎತ್ತಲಿಲ್ಲ. ಮಕ್ಬೂಲರ ಅಂಗಡಿಯ ಕಡೆಗೂ ಹೋಗಲಿಲ್ಲ. ಕೊನೆಗೆ ಬೋರಮ್ಮ ಬಸ್ಸು ಹತ್ತಿ ನನ್ನ ಮನೆಗೆ ಬಂದಳು.

"ಅಕ್ಕಾ, ನಿಮ್ಮ ತಮ್ಮಂಗೆ ಏನೋ ಆಗೈತೆ. ಒಂದು ಚೀಲ ಮಡಿಕ್ಕೊಂಡವ್ರೆ, ತೆಗೀತಾರೆ, ನೋಡ್ತಾರೆ, ಮುಚ್ಚಿ ಮಡಗ್ತಾರೆ. ಊಟ ಸೇರಾಕಿಲ್ಲ. ಒಸಿ ಬಂದು ಕೇಳಿ."

ಹೋದೆ. ಚೀಲ ಬಿಚ್ಚಿಸಿದೆ. ಹಳೆಯ ಸಕ್ಕರೆ ಚೀಲ. ನೆಲಕ್ಕೆ ಸುರಿದರೆ ಬಣ್ಣ ಬಣ್ಣದ ನೋಟು, ಯಾವ್ಯಾವುದೋ ಗಡ್ಡದವರ ಮುಖ, ರಾಶಿ ಚಿಲ್ಲರೆ. ಮೀನಿನ ನಾತ, ಸಿಗರೇಟಿನ ನಾತ, ಯಾರದೋ ಸೆಂಟಿನ ನಾತ, ಎಲ್ಲ ಕಲೆತು ಗಪ್ಪನೆ ಮುಖಕ್ಕೆ ಹೊಡೆಯಿತು.

"ಇದೇನ್ಲಾ ಇದು? ಸಂಬಳ ಎಲ್ಲಿ?"

ತಲೆ ತಗ್ಗಿಸಿದ. "ಇದೇ ಕಣಕ್ಕ ಸಂಬಳ."

ಆಗ ಹೊರಗೆ ಬಂತು. ಊರಿಗೆ ಬಂದ ದಿನ ಫ್ಯಾಕ್ಟರಿಯ ಮ್ಯಾನೇಜರು ಒಂದು ಕವರು ಕೊಟ್ಟ. ಅದರಲ್ಲಿ ಒಂಬತ್ತು ಸಾವಿರ ಚಿಲ್ಲರೆ. ಉಳಿದದ್ದು ಎಲ್ಲಿ ಸಾರ್ ಅಂದರೆ, ಪ್ರತಿ ಬಂದರಿನಲ್ಲೂ ನೀನು ಧಣಿಯ ಕೈಯಿಂದಲೇ ತಗೊಂಡಿದ್ದೀಯಲ್ಲಪ್ಪ, ಅದನ್ನೆಲ್ಲ ಸಂಬಳಕ್ಕೆ ಹಿಡಿದಿದ್ದೇವೆ ಅಂದ. ಇವನು ಸರಿ ಸಾರ್ ಅಂದು ಕೈಮುಗಿದು ಬಂದ. ಸರಿ ಸಾರ್ ಅಂತೆ! ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು.

ಚನ್ನಪಟ್ಟಣದ ಬ್ಯಾಂಕಿಗೆ ಕರೆದುಕೊಂಡು ಹೋದೆ. ಕ್ಯಾಷಿಯರು ಎರಡು ಕೋಟಿಯ ನೋಟನ್ನು ಪಕ್ಕದವನಿಗೆ ತೋರಿಸಿದ, ಪಕ್ಕದವನು ಇನ್ನೊಬ್ಬನಿಗೆ ತೋರಿಸಿದ, ಎಲ್ಲರೂ ನೋಡಿ ನಕ್ಕು ವಾಪಸ್ಸು ಕೊಟ್ಟರು. ಬೆಂಗಳೂರಿನಲ್ಲಿ ಹೊರದೇಶದ ದುಡ್ಡು ಬದಲಾಯಿಸುವ ಅಂಗಡಿಗೆ ಹೋದೆವು. ಅಲ್ಲಿದ್ದ ಹುಡುಗಿ ಪಾಪ ಒಳ್ಳೆಯವಳು, ರಾಶಿಯನ್ನು ಸಮಾಧಾನವಾಗಿ ಬೇರೆ ಬೇರೆ ಮಾಡಿದಳು. ಟರ್ಕಿಯ ಹಳೇ ನೋಟನ್ನು ಟರ್ಕಿಯ ಬ್ಯಾಂಕಿಗೇ ಒಯ್ಯಬೇಕು ಅಂದಳು. ಕ್ರೊಯೇಷಿಯಾದ್ದು ಇಲ್ಲಿ ಯಾರೂ ಕೊಳ್ಳುವುದಿಲ್ಲ. ಟುನೀಷಿಯಾದ ದುಡ್ಡನ್ನು ಆ ದೇಶದಿಂದ ಹೊರಗೆ ತರುವುದೇ ತಪ್ಪಂತೆ. ಯೂರೋ ನಡೆಯುತ್ತದೆ, ಆದರೆ ಇವನ ಪಾಲಿಗೆ ಬಂದದ್ದೆಲ್ಲ ಯೂರೋ ಚಿಲ್ಲರೆ, ನಾಣ್ಯ ನಾವು ತಗೊಳ್ಳುವುದಿಲ್ಲ ಅಂದಳು. ಅಷ್ಟು ರಾಶಿಯಲ್ಲಿ ಯಾವುದೋ ಕಣ್ತಪ್ಪಿನಿಂದ ಸೇರಿಕೊಂಡಿದ್ದ ಒಂದು ಐದು ಯೂರೋ ನೋಟು ಮಾತ್ರ ಮಾರಾಟವಾಯಿತು. ಬಸ್ಸಿನ ಚಾರ್ಜು, ಇಬ್ಬರ ಊಟ ಕಳೆದರೆ ಕೈಯಲ್ಲಿ ಎಲೆಅಡಿಕೆಯ ಕಾಸು ಉಳಿಯಿತು.

ಬರುವಾಗ ಕೆಂಗಲ್ಲಿನಲ್ಲಿ ಇಳಿದು ಮಕ್ಬೂಲರನ್ನು ಕಂಡೆವು. ಅವರು ಮುಚ್ಚಿಡಲಿಲ್ಲ. "ಅಕ್ಕಾ, ಬೆಂಗಳೂರಿನೋರು ಬಂದು ಎರಡು ಲಕ್ಷ ಕೊಡ್ತೀವಿ ಅಂತವ್ರೆ. ನಾನು ಮಾತು ಕೊಟ್ಟಿದೀನಿ ಅಂತ ತಡೆದಿದೀನಿ. ನಮ್ಮ ಮನೇಲೂ ಮದುವೆ ಐತೆ. ದೀಪಾವಳಿ ಆದ ಶುಕ್ರವಾರದವರೆಗೂ ನಿಲ್ತೀನಿ, ಅದಕ್ಕಿಂತ ಆಗಲ್ಲ." ಅವರನ್ನು ದೂರುವುದಕ್ಕೆ ಏನೂ ಇರಲಿಲ್ಲ.

ಉಳಿದದ್ದು ಒಂದೇ ದಾರಿ. ನಾಗರಾಜು ಬೇಡ ಬೇಡ ಅಂದರೂ ಎಳೆದುಕೊಂಡು ಬಿಡದಿಗೆ ಹೋದೆ. ಫ್ಯಾಕ್ಟರಿಯ ಹಿಂದೆ ಧಣಿಯ ಗೆಸ್ಟ್ ಹೌಸು. ಒಂದು ಗಂಟೆ ಕಾಯಿಸಿದ ಮೇಲೆ ಕರೆದ. ಬೈಯುತ್ತಾನೆ, ಕೂಗಾಡುತ್ತಾನೆ ಅಂದುಕೊಂಡು ನಾನು ಸೊಂಟ ಕಟ್ಟಿಕೊಂಡೇ ಹೋಗಿದ್ದೆ. ಅವನು ಬಾಯಿ ತುಂಬ ನಕ್ಕ.

"ಬಾ ನಾಗರಾಜ್! ಇಡ್ಲಿ ತಂದಿದ್ದೀಯಾ?"

ನಾನೇ ಮಾತು ಶುರು ಮಾಡಿದೆ. "ಸ್ವಾಮಿ, ಇವನ ಸಂಬಳದ ವಿಚಾರ. ನೀವು ಅಲ್ಲಿ ಕೊಟ್ಟಿದ್ದನ್ನ ಇವನು ಬಕ್ಷೀಸು ಅನ್ಕೊಂಡವನೆ. ಈ ದುಡ್ಡು ಇಲ್ಲಿ ಎಲ್ಲೂ ನಡೀತಾ ಇಲ್ಲ."

"ಬಕ್ಷೀಸಾ?" ಅವನಿಗೆ ನಿಜವಾಗಿಯೂ ಆಶ್ಚರ್ಯ. "ಅಷ್ಟೊಂದು ಬಕ್ಷೀಸು ಯಾರಮ್ಮ ಕೊಡ್ತಾರೆ? ಪ್ರತಿ ಸಲ ಕೊಟ್ಟಾಗಲೂ ಖುಷಿಯಾಗಿ ತಗೊಂಡ. ಕಣ್ಣಿಗೆ ಬೇರೆ ಒತ್ತಿಕೊಂಡ. ಬೇಡ ಅಂತ ಒಂದು ಸಲ ಹೇಳಿದ್ದನಾ ಕೇಳು. ನಾನು ಬದಲಾಯಿಸಿದ ರೇಟಿಗೇ ಲೆಕ್ಕ ಹಾಕಿಸಿದ್ದೀನಿ, ಒಂದು ಪೈಸೆ ಜಾಸ್ತಿ ಹಿಡಿದಿಲ್ಲ. ಅಲ್ಲೇ ಬದಲಾಯಿಸಿಕೊಳ್ಳಬೇಕಿತ್ತಪ್ಪ."

"ಅಲ್ಲಿ ಕೊಟ್ಟ ತಕ್ಷಣ ದೋಣಿ ಬಿಡ್ತಿತ್ತಂತಲ್ಲ ಸ್ವಾಮಿ?"

"ಅದಕ್ಕೆ ನಾನೇನು ಮಾಡಲಿ?"

"ಹಂಗಾದ್ರೆ ಅದೇ ರೇಟಿಗೆ ನೀವೇ ವಾಪಸ್ ತಗೊಳಿ. ಇವನ ಬಾಕಿ ಎಪ್ಪತ್ತು ಸಾವಿರ ಕೊಟ್ಬುಡಿ."

ಆಗ ಅವನು ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. ಚೀಲದ ಕಡೆ ಒಮ್ಮೆ ನೋಡಿ, ಮೂಗು ಸೊಟ್ಟ ಮಾಡಿ, "ಅಯ್ಯೋ, ನನಗ್ಯಾಕಮ್ಮ ಅದು? ಅದನ್ನಿಟ್ಟುಕೊಂಡು ನಾನೇನು ಮಾಡಲಿ?" ಅಂದ.

ಎಷ್ಟು ಸಲೀಸಾಗಿ ಅಂದ! ತಾನು ಏನು ಒಪ್ಪಿಕೊಂಡೆ ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ. ನಾನು ನಾಗರಾಜುವಿನ ಕಡೆ ತಿರುಗಿದೆ. "ಸುರೀಲಾ ಇಲ್ಲೇ. ಇವರ ಮುಂದೇ ಒಂದೊಂದೇ ಎಣಿಸು. ಎಷ್ಟು ಕೊಟ್ಟವ್ರೆ ಅಂತ ಅವರೂ ನೋಡ್ಲಿ."

ನಾಗರಾಜು ಚೀಲದ ಬಾಯಿ ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಮುಖ ಕೆಂಪಾಗಿತ್ತು. "ಅವರ ಎದುರ್ಗಾ? ಬ್ಯಾಡ ಕಣಕ್ಕ" ಅಂತ ಪಿಸುಗುಟ್ಟಿದ. ತನ್ನನ್ನು ಸುಲಿದವನ ಮರ್ಯಾದೆ ಕಾಯಲು ನಿಂತ ನನ್ನ ತಮ್ಮ.

ಧಣಿಗೆ ಹೊತ್ತಾಗಿತ್ತು. ಜೇಬಿನಿಂದ ಐನೂರರ ನೋಟೊಂದು ತೆಗೆದು, ಹಬ್ಬಕ್ಕಿರಲಿ ಅಂತ ಚಾಚಿದ. ನಾಗರಾಜುವಿನ ಎರಡೂ ಕೈ ತಾವಾಗಿಯೇ ಮುಂದೆ ಹೋದವು. "ಮುಂದಿನ ಏಪ್ರಿಲ್‌ಗೂ ರೆಡಿ ಇರಪ್ಪ" ಅಂತ ಹೇಳಿ ಒಳಗೆ ಹೋದ.

ಅಲ್ಲಿಗೆ ಕೆಂಗಲ್ಲಿನ ಅಂಗಡಿ ಕೈಬಿಟ್ಟಿತು. ಆ ಶುಕ್ರವಾರ ಮಕ್ಬೂಲ್ ನಮ್ಮ ಮನೆಗೇ ಬಂದು ಇಪ್ಪತ್ತು ಸಾವಿರ ಮುಂಗಡವನ್ನು ಎದುರಿಗೇ ಎಣಿಸಿ ಕೊಟ್ಟು, ಚಹಾ ಕೂಡ ಕುಡಿಯದೆ ಹೋದರು. ಈಗ ಅಲ್ಲಿ ಗಾಜಿನ ಬಾಗಿಲಿನ ಹೋಟೆಲು ಇದೆ, ಸದಾ ಕಾರುಗಳು. ನಾಗರಾಜು ಹಳೆಯ ಹೋಟೆಲಿನ ಹಳೆಯ ಒಲೆಯ ಮುಂದೆಯೇ ಇದ್ದಾನೆ. ಏಪ್ರಿಲ್‌ಗೆ ಅವನು ಹೋಗದಂತೆ ತಡೆಯಲು ನಾನು ಮತ್ತು ಬೋರಮ್ಮ ಇಬ್ಬರೂ ಬಾಗಿಲಿಗೆ ಅಡ್ಡ ಕೂರಬೇಕಾಯಿತು. ಇದೆಲ್ಲ ಹೇಗೋ ಜೀರ್ಣವಾಯಿತು. ಆದರೆ ಆ ದಿನ ಧಣಿಯ ಮನೆಯಿಂದ ಹೊರಗೆ ಬರುವಾಗ ಗೇಟಿನಲ್ಲಿ ನಡೆದದ್ದು ಇವತ್ತಿಗೂ ಜೀರ್ಣವಾಗಿಲ್ಲ.

ಫ್ಯಾಕ್ಟರಿಯಿಂದ ಹೊರಗೆ ಹೋಗುವವರ ಚೀಲವನ್ನೆಲ್ಲ ಗೇಟಿನಲ್ಲಿ ತಪಾಸಣೆ ಮಾಡುತ್ತಾರೆ. ನಾಗರಾಜುವಿನ ಚೀಲ ಝಣ್ ಅಂತು. ಸೆಕ್ಯೂರಿಟಿಯವನು ಕಿತ್ತುಕೊಂಡು ಮೇಜಿನ ಮೇಲೆ ಬೋರಲು ಹಾಕಿದ. ನೋಟು ಮೇಜಿನ ಮೇಲೆ ಉಳಿದವು, ಚಿಲ್ಲರೆ ಉರುಳಿ ನೆಲಕ್ಕೆ ಬಿತ್ತು. ಅದು ಶಿಫ್ಟು ಬಿಡುವ ಹೊತ್ತು. ಹೊರಗೆ ಹೋಗುತ್ತಿದ್ದ ಗಂಡಾಳು ಹೆಣ್ಣಾಳು ಎಲ್ಲ ನಿಂತು ನೋಡಿದರು.

"ಎಲ್ಲಿಂದ ಹೊಡೆದೆ ಇದನ್ನ?" ಅಂದ ಸೆಕ್ಯೂರಿಟಿಯವನು. "ಸಾಹೇಬರ ಮನೆಗೇ ಕೈ ಹಾಕಿದ್ಯಾ?"

ನನ್ನ ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದೆ. ಅವನು ಕೇಳಿಸಿಕೊಳ್ಳದೆ ನೋಟುಗಳನ್ನು ಎಂಜಲು ಬೆರಳಿನಲ್ಲಿ ಎಣಿಸತೊಡಗಿದ. ಐದು ತಿಂಗಳಲ್ಲಿ ಆ ದುಡ್ಡನ್ನು ಯಾರಾದರೂ ಎಲ್ಲರೆದುರಿಗೆ ಎಣಿಸಿದ್ದರೆ ಅವನೊಬ್ಬನೇ. ಎಣಿಸಿ ಮುಗಿಸಿ ಧಣಿಯ ಮನೆಗೆ ಫೋನು ಮಾಡಿದ. ಆ ಕಡೆಯ ಮಾತು ನಮಗೂ ಕೇಳಿಸಿತು, ಅಷ್ಟು ಗಟ್ಟಿಯಾಗಿ ನಗುತ್ತ ಹೇಳಿದ ಧಣಿ.

"ಬಿಡಪ್ಪ ಬಿಡು. ಅದೆಲ್ಲ ಅವನದೇ."

ಸೆಕ್ಯೂರಿಟಿಯವನು ನೋಟುಗಳನ್ನು ಚೀಲಕ್ಕೆ ತುರುಕಿ ಎಸೆದ. ನಾಗರಾಜು ನೆಲದ ಮೇಲೆ ಮೊಣಕಾಲೂರಿ ಚಿಲ್ಲರೆ ಆಯಲು ಕೂತ. ಜನರ ಚಪ್ಪಲಿ, ಬೂಟುಗಳ ಸಂದಿಯಲ್ಲಿ ಕೈ ಹಾಕಿ ಒಂದೊಂದೇ ತೆಗೆದು, ಕಾಲಿಗೆ ಸೋಕಿದೆಯಲ್ಲ ಅಂತ ಧೂಳು ಒರೆಸಿ, ಒಂದೊಂದನ್ನೂ ಕಣ್ಣಿಗೊತ್ತಿಕೊಂಡು ಚೀಲಕ್ಕೆ ಹಾಕುತ್ತಿದ್ದ. ನಡುವೆ ತಲೆ ಎತ್ತಿ ನನ್ನನ್ನು ನೋಡಿದ. ಅವನ ಮುಖದಲ್ಲಿ ನಿರಾಳ ಇತ್ತು.

"ನೋಡ್ದಾ ಅಕ್ಕ? ಧಣೇರು ಒಂದು ಮಾತು ಹೇಳ್ದೆ ಹೋಗಿದ್ರೆ ಪೊಲೀಸ್ನೋರು ಎಳ್ಕೊಂಡೋಗೋರು. ದೊಡ್ಡ ಮನಸು ಕಣಕ್ಕ ಅವರ್ದು."

ಧಣಿಯ ಮೇಲಿನ ಹೇಸಿಗೆ, ಆ ನಾತದ ಹೇಸಿಗೆ, ಎಲ್ಲಕ್ಕಿಂತ ಜಾಸ್ತಿ ನನ್ನ ಒಡಹುಟ್ಟಿದವನ ಮೇಲಿನ ಹೇಸಿಗೆ, ಒಟ್ಟಿಗೆ ಏರಿ ಬಂತು. ನನ್ನ ಕಾಲ ಬಳಿ ಒಂದು ಹಳದಿ ನಾಣ್ಯ ಬಿದ್ದಿತ್ತು. ಯಾವ ದೇಶದ್ದೋ. ಹುಟ್ಟಿದಾಗಿನಿಂದ ದುಡ್ಡನ್ನು ಬೇಕೆಂದು ತುಳಿದವಳಲ್ಲ ನಾನು. ಅದರ ಮೇಲೆ ಚಪ್ಪಲಿ ಕಾಲಿಟ್ಟೆ, ಇಟ್ಟು ಒತ್ತಿದೆ.

ನಾಗರಾಜು ಗಾಬರಿಯಾದ. "ಅಕ್ಕಾ, ಕಾಲ್ ತಗಿ! ದುಡ್ಡು ಕಣಕ್ಕ ಅದು!"

"ದುಡ್ಡಾ? ಏನ್ ಬತ್ತದ್ಲಾ ಇದಕ್ಕೆ? ಹೇಳು, ಏನ್ ಬತ್ತದೆ?"

ಅವನು ನನ್ನ ಪಾದ ಹಿಡಿದು ಎತ್ತಲು ನೋಡಿದ, ನಾನು ಬಿಡಲಿಲ್ಲ. ಜನ ನಮ್ಮನ್ನು ದಾಟಿಕೊಂಡು ಬಸ್ಸಿಗೆ ಓಡುತ್ತಿದ್ದರು. ಅವನು ಎರಡೂ ಕೈ ನನ್ನ ಚಪ್ಪಲಿಯ ಮುಂದೆ ಚಾಚಿಕೊಂಡು, ನಾನು ಕಾಲೆತ್ತುವುದನ್ನೇ ಕಾಯುತ್ತ, ಮೊಣಕಾಲ ಮೇಲೆ ಹಾಗೇ ಕೂತಿದ್ದ.